500 ಎಂಎಂ ಲೆನ್ಸ್ ಡಿಎಕ್ಸ್‌ನಲ್ಲಿ ನಿಜವಾಗಿ 750 ಆಗುತ್ತದೆಯೇ? ಫುಲ್ ಫ್ರೇಮ್‌ಗೆ ಹೋದರೆ ಹಕ್ಕಿ ಚಿಕ್ಕದಾಗುತ್ತದೆಯೇ?

ಹೆಜ್ಜಾರ್ಲೆ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಕಾನ್ ಡಿ7500 ಇದೆ (ಡಿಎಕ್ಸ್, ಅಂದರೆ ಚಿಕ್ಕ ಸೆನ್ಸರ್ ಇರುವ ಬಾಡಿ), ಜೊತೆಗೆ 200-500 ಎಂಎಂ ಎಫ್/5.6 ಲೆನ್ಸ್. ಮನೆ ಮೈಸೂರಿನಲ್ಲಿ, ಹಾಗಾಗಿ ಜಾಸ್ತಿ ಫೋಟೋ ತೆಗೆಯುವುದು ರಂಗನತಿಟ್ಟು ಮತ್ತು ಊರ ಸುತ್ತಿನ ಕೆರೆಗಳಲ್ಲಿ. ಆಗಾಗ ಕಬಿನಿ ಕಡೆ ಸಫಾರಿ.

ಈಗ ಪರಿಚಯದವರೊಬ್ಬರು ತಮ್ಮ ಡಿ750 ಬಾಡಿ ಮಾರುತ್ತಿದ್ದಾರೆ. ಫುಲ್ ಫ್ರೇಮ್, ಅಂದರೆ ಹಳೆಯ ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್, ಬೆಲೆಯೂ ಕೈಗೆ ಸಿಗುವಂತಿದೆ. ನನ್ನ ಗೊಂದಲ ಇಷ್ಟೇ. ಡಿ7500ರಲ್ಲಿ 500 ಎಂಎಂ ಹಾಕಿದರೆ 750 ಆಗುತ್ತದೆ ಅಂತಾರೆ. ಡಿ750ರಲ್ಲಿ ಹಾಕಿದರೆ 500 ಆಗಿಯೇ ಉಳಿಯುತ್ತದೆ. ಅಂದರೆ 250 ಎಂಎಂ ಕಳೆದುಕೊಳ್ಳುತ್ತೇನಾ? ಅಥವಾ ಸೆನ್ಸರ್ ದೊಡ್ಡದಿರುವುದರಿಂದ ಆಮೇಲೆ ಕ್ರಾಪ್ ಮಾಡಿಕೊಂಡರೂ ಚಿತ್ರ ಚೆನ್ನಾಗಿಯೇ ಬರುತ್ತದಾ? ಬಳಸಿ ನೋಡಿದವರು ಹೇಳಿ.

ಬಯಲುಸೀಮೆ
ಫುಲ್ ಫ್ರೇಮ್ ಸಿಗ್ತಿದ್ರೆ ಯೋಚನೆಯೇ ಬೇಡ, ತಗೊಳ್ಳಿ. ದೊಡ್ಡ ಸೆನ್ಸರ್ ಅಂದ್ರೆ ನಾಯ್ಸ್ (ಚಿತ್ರದಲ್ಲಿ ಕಾಣೋ ಕಾಳುಕಾಳು) ಕಡಿಮೆ. ಕಬಿನಿಯಲ್ಲಿ ಸಂಜೆ ಬೆಳಕಿಗೆ ಡಿಎಕ್ಸ್ ಸಾಲುವುದಿಲ್ಲ.

ಕೊಳ್ಳೇಗಾಲ ಕ್ಲಿಕ್
ನಾನು ಒಪ್ಪಲ್ಲ. ಹಕ್ಕಿ ತೆಗೆಯುವವರಿಗೆ ಡಿಎಕ್ಸೇ ಸರಿ. ದುಡ್ಡು ಕೊಡದೆ ಒಂದೂವರೆ ಪಟ್ಟು ಜೂಮ್ ಸಿಗುತ್ತದೆ, ಅದನ್ನು ಯಾಕೆ ಬಿಡಬೇಕು?

ಕಾಡುಪಾಪ
ಹೆಜ್ಜಾರ್ಲೆ ಅವರೇ, ಇಬ್ಬರು ಹೇಳಿದ್ದರಲ್ಲೂ ಅರ್ಧರ್ಧ ನಿಜ ಇದೆ. ಆದರೆ ನಿಮ್ಮ ದುಡ್ಡು ಯಾವ ಅರ್ಧಕ್ಕೆ ಹೋಗುತ್ತದೆ ಎನ್ನುವುದು ಮುಖ್ಯ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಹಗಲಲ್ಲಿ ಕೋಣೆಯ ದೀಪ ಆರಿಸಿ ಒಂದೇ ಕಿಟಕಿ ತೆರೆದಿಡಿ. ಎದುರು ಗೋಡೆಯ ಹತ್ತಿರ ಒಂದು ಭೂತಗನ್ನಡಿ ಹಿಡಿದು, ಅದರ ಹಿಂದೆ ಬಿಳಿ ಹಾಳೆ ಇಟ್ಟು ಹಿಂದೆ ಮುಂದೆ ಸರಿಸಿ. ಕಿಟಕಿಯೂ ಆಚೆಯ ಮರವೂ ತಲೆಕೆಳಗಾಗಿ ಹಾಳೆಯ ಮೇಲೆ ಮೂಡುತ್ತವೆ. ಈಗ ಆ ಹಾಳೆ ತೆಗೆದು ಅದರ ಅರ್ಧ ಅಳತೆಯ ಚೀಟಿ ಇಡಿ. ಮರದ ಚಿತ್ರ ದೊಡ್ಡದಾಯಿತೇ? ಇಲ್ಲ. ಅಷ್ಟೇ ಇದೆ. ಸುತ್ತಲಿನ ಭಾಗ ಮಾತ್ರ ಚೀಟಿಯಿಂದ ಆಚೆ ಹೋಯಿತು.

ಡಿಎಕ್ಸ್ ಮತ್ತು ಫುಲ್ ಫ್ರೇಮ್ ನಡುವೆ ಆಗುವುದೂ ಇದೇ. ಲೆನ್ಸ್ 500 ಆಗಿಯೇ ಇರುತ್ತದೆ. ಅದು ಹಕ್ಕಿಯ ಚಿತ್ರವನ್ನು ಎರಡೂ ಸೆನ್ಸರ್ ಮೇಲೆ ಒಂದೇ ಅಳತೆಯಲ್ಲಿ ಬೀಳಿಸುತ್ತದೆ. ಫುಲ್ ಫ್ರೇಮ್ ಅಂದರೆ 36×24 ಎಂಎಂ. ನಿಕಾನ್ ಡಿಎಕ್ಸ್ ಸುಮಾರು 23.5×15.7. ಕೆನಾನ್‌ನ ಎಪಿಎಸ್-ಸಿ ಸುಮಾರು 22.3×14.9. ಮೈಕ್ರೋ ಫೋರ್ ಥರ್ಡ್ಸ್ 17.3×13. ಚಿಕ್ಕ ಸೆನ್ಸರ್ ನಡುವಿನ ತುಂಡನ್ನಷ್ಟೇ ಹಿಡಿಯುತ್ತದೆ. ಆ ತುಂಡನ್ನು ನಾವು ಅದೇ ಪರದೆಯಲ್ಲಿ ತುಂಬಿಸಿ ನೋಡುವುದರಿಂದ ಹಕ್ಕಿ ಹತ್ತಿರ ಬಂದಂತೆ ಕಾಣುತ್ತದೆ. 750 ಎನ್ನುವುದು ನೋಟದ ಹರವಿನ ಹೋಲಿಕೆ. ಫುಲ್ ಫ್ರೇಮ್‌ನಲ್ಲಿ 750 ಎಂಎಂ ಹಾಕಿದರೆ ಎಷ್ಟು ಅಗಲ ಕಾಣುತ್ತದೋ, ಡಿಎಕ್ಸ್‌ನಲ್ಲಿ 500ಕ್ಕೆ ಅಷ್ಟು ಕಾಣುತ್ತದೆ. ಅಷ್ಟೇ ಅದರ ಅರ್ಥ.

ಹರವು ಎಷ್ಟು ಅಂತ ಲೆಕ್ಕ ಹಾಕಲು ದೊಡ್ಡ ಗಣಿತ ಬೇಡ. ಸೆನ್ಸರ್ ಅಗಲವನ್ನು ಹಕ್ಕಿಯ ದೂರದಿಂದ ಗುಣಿಸಿ, ಫೋಕಲ್ ಲೆಂಗ್ತ್‌ನಿಂದ (ಲೆನ್ಸ್‌ನ ಎಂಎಂ ಸಂಖ್ಯೆಯಿಂದ) ಭಾಗಿಸಿ. ಹಕ್ಕಿ 15 ಮೀಟರ್ ದೂರದಲ್ಲಿದೆ, ಲೆನ್ಸ್ 500 ಎಂದುಕೊಳ್ಳಿ. ಫುಲ್ ಫ್ರೇಮ್‌ನಲ್ಲಿ ಅಲ್ಲಿ 1.08 ಮೀಟರ್ ಅಗಲದ ಜಾಗ ಕಾಣುತ್ತದೆ. ಡಿಎಕ್ಸ್‌ನಲ್ಲಿ ಸುಮಾರು 70 ಸೆಂಟಿಮೀಟರ್. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 52.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಆ ಜಾಗದಲ್ಲಿ ಒಂದು ಮಿಂಚುಳ್ಳಿ ಕೂತಿದೆ, ಉದ್ದ ಸುಮಾರು 17 ಸೆಂಟಿಮೀಟರ್. ಸೆನ್ಸರ್ ಮೇಲೆ ಅದರ ಚಿತ್ರ 5.7 ಎಂಎಂ ಬೀಳುತ್ತದೆ. ಯಾವ ಬಾಡಿಯಾದರೂ 5.7 ಎಂಎಂ. ಆ 5.7 ಎಂಎಂ ಒಳಗೆ ಎಷ್ಟು ಪಿಕ್ಸೆಲ್ ಇವೆ ಎನ್ನುವುದೇ ಪ್ರಶ್ನೆ. ಡಿ7500ರಲ್ಲಿ 20.9 ಮೆಗಾಪಿಕ್ಸೆಲ್ ಚಿಕ್ಕ ಜಾಗದಲ್ಲಿ ಕೂತಿವೆ, ಒಂದೊಂದು ಪಿಕ್ಸೆಲ್ ಸುಮಾರು 4.2 ಮೈಕ್ರಾನ್. ಡಿ750ರಲ್ಲಿ 24.3 ಮೆಗಾಪಿಕ್ಸೆಲ್ ಇದ್ದರೂ ದೊಡ್ಡ ಜಾಗದಲ್ಲಿ ಹರಡಿವೆ, ಒಂದೊಂದು ಸುಮಾರು 6 ಮೈಕ್ರಾನ್. ಹಾಗಾಗಿ ಮಿಂಚುಳ್ಳಿಯ ಉದ್ದಕ್ಕೆ ಡಿ7500 ಸುಮಾರು 1,340 ಪಿಕ್ಸೆಲ್ ಕೊಡುತ್ತದೆ, ಡಿ750 ಸುಮಾರು 950.

ಡಿ750ರ ಚಿತ್ರವನ್ನು ಡಿಎಕ್ಸ್ ಅಳತೆಗೆ ಕ್ರಾಪ್ ಮಾಡಿದರೆ ಉಳಿಯುವುದು ಹತ್ತು ಮೆಗಾಪಿಕ್ಸೆಲ್ ಚಿಲ್ಲರೆ. ನಿಮ್ಮ ಕೈಲಿರುವ ಬಾಡಿಯ ಅರ್ಧ. ರೆಕ್ಕೆಯ ಎಳೆಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ದೂರದ ಹಕ್ಕಿಗೆ ಅಂತ ಬಾಡಿ ಬದಲಿಸುತ್ತಿದ್ದರೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ.

ಬಯಲುಸೀಮೆ
ಲೆಕ್ಕ ಸರಿ. ಆದ್ರೆ ಸಾರ್, ನಾಯ್ಸ್ ವಿಷಯ? ಫುಲ್ ಫ್ರೇಮ್ ಎರಡು ಪಟ್ಟಿಗಿಂತ ಜಾಸ್ತಿ ಬೆಳಕು ಹಿಡಿಯುತ್ತೆ ಅಲ್ವಾ?

ಕಾಡುಪಾಪ
ಸೆನ್ಸರ್ ಪೂರ್ತಿ ಲೆಕ್ಕ ಹಿಡಿದರೆ ಹೌದು, 2.3 ಪಟ್ಟು. ಆದರೆ ಆ ಹೆಚ್ಚಿನ ಬೆಳಕು ಎಲ್ಲಿ ಬಿತ್ತು? ಹಕ್ಕಿಯ ಸುತ್ತಲಿನ ನೀರು, ಬಿದಿರು, ಆಕಾಶದ ಮೇಲೆ. ಹಕ್ಕಿಯ ಮೇಲಲ್ಲ. ಒಂದೇ ಲೆನ್ಸ್, ಒಂದೇ ಎಫ್/5.6, ಒಂದೇ ಶಟರ್ ಇದ್ದರೆ ಆ 5.7 ಎಂಎಂ ಚಿತ್ರಕ್ಕೆ ಎರಡೂ ಬಾಡಿಯಲ್ಲಿ ಬರುವ ಬೆಳಕು ಒಂದೇ. ಕ್ರಾಪ್ ಮಾಡಿ ಹಕ್ಕಿಯನ್ನು ಒಂದೇ ಅಳತೆಗೆ ತಂದು ನೋಡಿದರೆ ನಾಯ್ಸ್ ಕೂಡ ಹೆಚ್ಚುಕಡಿಮೆ ಒಂದೇ.

ದೊಡ್ಡ ಸೆನ್ಸರ್‌ನ ಲಾಭ ಸಿಗುವುದು ಚೌಕಟ್ಟು ತುಂಬಿಸಲು ಆದಾಗ. ಕಬಿನಿಯಲ್ಲಿ ಆನೆ ಜೀಪಿನ ಹತ್ತಿರ ಬಂತು ಅಂದುಕೊಳ್ಳಿ. ಡಿಎಕ್ಸ್‌ನಲ್ಲಿ 300 ಎಂಎಂಗೆ ಚೌಕಟ್ಟು ತುಂಬುತ್ತದೆ. ಅದೇ ಜಾಗದಿಂದ ಫುಲ್ ಫ್ರೇಮ್‌ನಲ್ಲಿ ತುಂಬಿಸಲು 450ಕ್ಕೆ ಜೂಮ್ ಮಾಡುತ್ತೀರಿ. ಎರಡೂ ಎಫ್/5.6. ಆದರೆ 300ಕ್ಕೆ ಲೆನ್ಸ್‌ನ ಬಾಯಿ, ಅಂದರೆ ಬೆಳಕು ಒಳಬರುವ ಅಗಲ (300 ಭಾಗಿಸು 5.6), 54 ಎಂಎಂ, 450ಕ್ಕೆ 80 ಎಂಎಂ. ಆನೆಯಿಂದ ಬರುವ ಬೆಳಕು ಎರಡು ಪಟ್ಟಿಗಿಂತ ಜಾಸ್ತಿ ಒಳಗೆ ಬಂತು. ಫುಲ್ ಫ್ರೇಮ್ ನಾಯ್ಸ್ ಕಡಿಮೆ ಎನ್ನುವ ಅನುಭವ ಹುಟ್ಟುವುದು ಇಂಥ ಕಡೆ. ಬಯಲುಸೀಮೆ ಅವರು ಕಂಡದ್ದು ಸುಳ್ಳಲ್ಲ. ಆದರೆ 500ಕ್ಕೆ ಜೂಮ್ ಮಾಡಿಯೂ ಹಕ್ಕಿ ಚಿಕ್ಕದಾಗಿಯೇ ಉಳಿದರೆ ಆ ಲಾಭ ಬರುವುದಿಲ್ಲ.

ಇನ್ನೊಂದು ಮಾತು ಸೇರಿಸುತ್ತೇನೆ. ಡಿ7500 ಮತ್ತು ಡಿ750 ಎರಡರಲ್ಲೂ 51 ಪಾಯಿಂಟ್‌ನ ಒಂದೇ ಬಗೆಯ ಫೋಕಸ್ ವ್ಯವಸ್ಥೆ ಇದೆ. ಡಿಎಕ್ಸ್ ಚೌಕಟ್ಟು ಚಿಕ್ಕದು, ಹಾಗಾಗಿ ಆ ಪಾಯಿಂಟ್‌ಗಳು ಅಂಚಿನ ಹತ್ತಿರದವರೆಗೂ ಹರಡುತ್ತವೆ. ಡಿ750ರಲ್ಲಿ ಅವೆಲ್ಲ ನಡುವಿನಲ್ಲೇ ಗುಂಪಾಗುತ್ತವೆ. ಹಾರುವ ರೀವ ಹಕ್ಕಿಯನ್ನು ಚೌಕಟ್ಟಿನ ಒಂದು ಬದಿಯಲ್ಲಿಟ್ಟು ಫೋಕಸ್ ಹಿಡಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಮಲ್ಲಿಗೆ ಮೊಗ್ಗು
ನಾನು ನಿಕಾನ್ ಪಿ900 ಬಳಸುತ್ತೇನೆ. 2000 ಎಂಎಂ ಅಂತ ಬರೆದಿದೆ. ಮೇಲಿನ ಲೆಕ್ಕದ ಪ್ರಕಾರ ನನ್ನ ಮಿಂಚುಳ್ಳಿ ಎಲ್ಲರಿಗಿಂತ ದೊಡ್ಡದಾಗಿ ಬರಬೇಕು. ಬರುತ್ತದೆ ಕೂಡ! ಆದರೆ ಗೆಳತಿಯ ಡಿಎಸ್‌ಎಲ್‌ಆರ್ ಫೋಟೋ ಪಕ್ಕ ಇಟ್ಟರೆ ನನ್ನದರಲ್ಲಿ ಗರಿಗಳು ಬಣ್ಣ ಬಳಿದ ಹಾಗೆ ಇರುತ್ತವೆ. ಯಾಕೆ?

ಕಾಡುಪಾಪ
ಮೇಡಂ, ಒಳ್ಳೆಯ ಪ್ರಶ್ನೆ. ಈ ಎಳೆಗೆ ಇದು ಬೇಕೇ ಇತ್ತು. ನಿಮ್ಮ ಕ್ಯಾಮೆರಾದ ಲೆನ್ಸ್ ನಿಜವಾಗಿ 4.3ರಿಂದ 357 ಎಂಎಂ. ಸೆನ್ಸರ್ ತೀರಾ ಪುಟ್ಟದು, ಸುಮಾರು 6.2×4.6 ಎಂಎಂ. ಕ್ರಾಪ್ ಫ್ಯಾಕ್ಟರ್ 5.6, ಅಂದರೆ ಮೂಲೆಯಿಂದ ಮೂಲೆಗೆ ಅಳೆದರೆ ಫುಲ್ ಫ್ರೇಮ್ ಇದರ 5.6 ಪಟ್ಟು. 357ನ್ನು 5.6ರಿಂದ ಗುಣಿಸಿ 2000 ಎಂದು ಬರೆದಿದ್ದಾರೆ.

ಅದೇ ಮಿಂಚುಳ್ಳಿ, ಅದೇ 15 ಮೀಟರ್. ನಿಮ್ಮ ಸೆನ್ಸರ್ ಮೇಲೆ 4 ಎಂಎಂ ಚಿತ್ರ ಬೀಳುತ್ತದೆ. ಪಿಕ್ಸೆಲ್ ತೀರಾ ಸಣ್ಣವು, ಆದ್ದರಿಂದ ಉದ್ದಕ್ಕೆ 3,000 ಪಿಕ್ಸೆಲ್ ಸಿಗುತ್ತವೆ. ಡಿ7500ಗಿಂತ ಎರಡು ಪಟ್ಟಿಗೂ ಜಾಸ್ತಿ! ಆದರೆ ಅಷ್ಟು ಪಿಕ್ಸೆಲ್‌ಗೆ ತುಂಬಲು ಬೇಕಾದ ವಿವರ ಲೆನ್ಸ್‌ನಿಂದ ಬರುವುದಿಲ್ಲ.

ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಲೆನ್ಸ್‌ನ ಬಾಯಿಯ ಅಗಲ ಸಿಗುತ್ತದೆ. ನಿಮ್ಮದು 357ಕ್ಕೆ ಎಫ್/6.5, ಅಂದರೆ 55 ಎಂಎಂ. 200-500ರ ಬಾಯಿ 500ಕ್ಕೆ 89 ಎಂಎಂ. ಬೆಳಕು ಅಲೆಯಂತೆ ಹೋಗುವುದರಿಂದ ಒಂದು ಚುಕ್ಕಿ ಎಂದೂ ಪೂರ್ತಿ ಚುಕ್ಕಿಯಾಗಿ ಬೀಳುವುದಿಲ್ಲ, ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಎಫ್/6.5ರಲ್ಲಿ ಆ ಬಿಲ್ಲೆ ಸುಮಾರು 8.7 ಮೈಕ್ರಾನ್. ನಿಮ್ಮ ಪಿಕ್ಸೆಲ್ 1.3 ಮೈಕ್ರಾನ್. ಒಂದೇ ಬಿಲ್ಲೆಯನ್ನು ಹತ್ತಾರು ಪಿಕ್ಸೆಲ್ ಹಂಚಿಕೊಳ್ಳುತ್ತಿವೆ. ಬಾಯಿ ಅಗಲವಿದ್ದಷ್ಟೂ ಹಕ್ಕಿಯ ಮೇಲಿನ ಸಣ್ಣ ವಿವರ ಬಿಡಿಬಿಡಿಯಾಗಿ ಸಿಗುತ್ತದೆ. 89 ಎಂಎಂ ಬಾಯಿ ನಿಮ್ಮದಕ್ಕಿಂತ 1.6 ಪಟ್ಟು ಸೂಕ್ಷ್ಮ ವಿವರ ಹಿಡಿಯಬಲ್ಲದು. ಹಕ್ಕಿಯಿಂದ ಬರುವ ಬೆಳಕನ್ನು 2.6 ಪಟ್ಟು ಜಾಸ್ತಿ ತರುತ್ತದೆ. ಬೆಳಕು ಕಡಿಮೆಯಾದಾಗ ನಾಯ್ಸ್ ಬರುತ್ತದೆ, ಕ್ಯಾಮೆರಾ ಅದನ್ನು ಅಳಿಸಲು ಹೋಗಿ ಗರಿಗಳನ್ನೂ ಅಳಿಸುತ್ತದೆ. ನಿಮಗೆ ಬಣ್ಣ ಬಳಿದ ಹಾಗೆ ಕಾಣುವುದು ಅದರಿಂದಲೇ.

ಹಾಗಂತ ಪಿ900 ಕೈಬಿಡಬೇಡಿ. ಒಳ್ಳೆಯ ಬಿಸಿಲಿನಲ್ಲಿ ಯಾವ ಹಕ್ಕಿ ಎಂದು ಗುರುತು ಹಿಡಿಯಲು, ದೂರದ ಗೂಡಿನ ದಾಖಲೆಗೆ ಅದು ಬಹಳ ಉಪಯೋಗ. 200-500 ಲೆನ್ಸ್ ಒಂದೇ 2.3 ಕಿಲೋ ಭಾರ.

ಮಲ್ಲಿಗೆ ಮೊಗ್ಗು
ಈಗ ಅರ್ಥವಾಯಿತು, ಧನ್ಯವಾದ. ಹಾಗಾದರೆ ಒಂದು ಇಂಚು ಸೆನ್ಸರ್ ಇರುವ ಸೋನಿ ಆರ್‌ಎಕ್ಸ್10 ಮಾರ್ಕ್ 4 ತೆಗೆದುಕೊಂಡರೆ? ಅದರ ಸೆನ್ಸರ್ ನನ್ನದಕ್ಕಿಂತ ಬಹಳ ದೊಡ್ಡದು.

ಕಾಡುಪಾಪ
ಒಂದು ಇಂಚು ಎಂದು ಹೆಸರಿದ್ದರೂ ಅದರ ಯಾವ ಬದಿಯೂ ಒಂದು ಇಂಚು ಇಲ್ಲ. 13.2×8.8 ಎಂಎಂ. ಹಳೆಯ ವಿಡಿಯೋ ಕ್ಯಾಮೆರಾ ಟ್ಯೂಬ್‌ಗಳ ಹೊರಗಿನ ಅಳತೆ ಹಾಗೇ ಉಳಿದುಕೊಂಡಿದೆ. ಕೊಳ್ಳುವಾಗ ಮಿಲಿಮೀಟರ್ ನೋಡಿ, ಇಂಚು ನೋಡಬೇಡಿ.

ಆರ್‌ಎಕ್ಸ್10 ಮಾರ್ಕ್ 4ರ ನಿಜವಾದ ಫೋಕಲ್ ಲೆಂಗ್ತ್ 220 ಎಂಎಂವರೆಗೆ, ಅಲ್ಲಿ ಎಫ್/4. ಬಾಯಿ ಎಷ್ಟಾಯಿತು? 55 ಎಂಎಂ. ನಿಮ್ಮ ಪಿ900ರಷ್ಟೇ! ಹಾಗಾಗಿ ಒಂದೇ ಜಾಗದಿಂದ ಒಂದೇ ಶಟರ್‌ಗೆ ಆ ಮಿಂಚುಳ್ಳಿಯಿಂದ ಎರಡಕ್ಕೂ ಬರುವ ಬೆಳಕು ಒಂದೇ. ಆರ್‌ಎಕ್ಸ್10 ಗೆಲ್ಲುವುದು ಫೋಕಸ್‌ನ ವೇಗದಲ್ಲಿ, ಮತ್ತು ಜಿಂಕೆ, ಆನೆಯಂಥ ದೊಡ್ಡ ಪ್ರಾಣಿ ಹತ್ತಿರ ಇದ್ದಾಗ. ದೂರದ ಪುಟ್ಟ ಹಕ್ಕಿಗೆ ಅಂತಲೇ ಕೊಳ್ಳುವುದಾದರೆ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ.

ಸ್ಟುಡಿಯೋ ರಾಯರು
ಮಕ್ಕಳೇ, ಚರ್ಚೆ ಓದಿ ಖುಷಿಯಾಯಿತು. ದಾವಣಗೆರೆಯಲ್ಲಿ ಫಿಲ್ಮ್ ಕಾಲದಿಂದ ಮದುವೆ ಫೋಟೋ ತೆಗೆದವನು ನಾನು. ಈ ಗುಣಾಕಾರ ಯಾಕೆ ಶುರುವಾಯಿತು ಎಂದು ಹೊಸಬರಿಗೆ ಹೇಳಬೇಕು.

36×24 ಎನ್ನುವುದು ಫಿಲ್ಮ್‌ನ ಅಳತೆ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದಾಗಿನಿಂದ ಬೇರೂರಿದ್ದು. ನಮಗೆಲ್ಲ 28 ಅಂದರೆ ಎಷ್ಟು ಅಗಲ, 50 ಅಂದರೆ ಎಷ್ಟು, 135 ಅಂದರೆ ಎಷ್ಟು ಎಂದು ಕಣ್ಣಿಗೇ ಗೊತ್ತಿತ್ತು. 1999ರಲ್ಲಿ ನಿಕಾನ್ ಡಿ1 ಬಂತು. 2.7 ಮೆಗಾಪಿಕ್ಸೆಲ್, ಸೆನ್ಸರ್ ಫಿಲ್ಮ್‌ಗಿಂತ ಚಿಕ್ಕದು. ದೊಡ್ಡ ಸೆನ್ಸರ್ ಮಾಡುವುದು ಆಗ ವಿಪರೀತ ದುಬಾರಿ. ಒಂದು ಸಿಲಿಕಾನ್ ಬಿಲ್ಲೆಯಲ್ಲಿ ಕೆಲವೇ ತುಂಡು ಬರುತ್ತಿದ್ದವು, ಅದರಲ್ಲೂ ಒಂದು ಸಣ್ಣ ದೋಷ ಇದ್ದರೆ ಇಡೀ ತುಂಡು ಹಾಳು. ಹಾಗಾಗಿ ಹಳೆಯ ಲೆನ್ಸ್‌ಗಳನ್ನೇ ಹೊಸ ಬಾಡಿಗೆ ಹಾಕಿದಾಗ ಎಲ್ಲವೂ ಬಿಗಿಯಾಗಿ ಕಾಣತೊಡಗಿತು. ಮಂಟಪದಲ್ಲಿ ಎರಡೂ ಕಡೆಯ ಬೀಗರನ್ನು ನಿಲ್ಲಿಸಿ 28ರಲ್ಲಿ ಗ್ರೂಪ್ ಫೋಟೋ ತೆಗೆಯುತ್ತಿದ್ದವರಿಗೆ ಅಂಚಿನ ಇಬ್ಬರು ಸೇರುತ್ತಲೇ ಇರಲಿಲ್ಲ. ಹಿಂದೆ ಸರಿಯಲು ಛತ್ರದಲ್ಲಿ ಜಾಗ ಎಲ್ಲಿ?

ಆಗ ಫಿಲ್ಮ್ ಅಳತೆಗೆ ಹೋಲಿಸಿ ಹೇಳುವುದು ಅನಿವಾರ್ಯವಾಯಿತು. 2002ರಲ್ಲಿ ಕೆನಾನ್ 1ಡಿಎಸ್, 2007ರಲ್ಲಿ ನಿಕಾನ್ ಡಿ3 ಬಂದ ಮೇಲೆ ಪೂರ್ತಿ ಅಳತೆ ಮತ್ತೆ ಸಿಕ್ಕಿತು. ಆದರೆ ಈಗಿನವರಲ್ಲಿ ಬಹಳ ಮಂದಿ ಫಿಲ್ಮ್ ಮುಟ್ಟಿಯೇ ಇಲ್ಲ. ಅವರಿಗೆ ಈ ಗುಣಾಕಾರಕ್ಕಿಂತ ಕಾಡುಪಾಪ ಹೇಳಿದ ಹಾಗೆ ಎಷ್ಟು ಮೀಟರ್ ಅಗಲ ಕಾಣುತ್ತದೆ ಎನ್ನುವ ಲೆಕ್ಕವೇ ಒಳ್ಳೆಯದು.

ಕೊಳ್ಳೇಗಾಲ ಕ್ಲಿಕ್
ರಾಯರೇ, ವೈಡ್ ಬಗ್ಗೆ ಒಂದು ಅನುಮಾನ. ಶ್ರವಣಬೆಳಗೊಳದ ಗೊಮ್ಮಟನನ್ನು ಪಾದದಿಂದ ತಲೆವರೆಗೆ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಡಿಎಕ್ಸ್‌ನ 18-55 ಸಾಕಾಗುತ್ತಾ? ಡಿಎಕ್ಸ್ ಲೆನ್ಸ್ ಆದ್ದರಿಂದ 18 ಎಂದು ಬರೆದದ್ದು ಮೊದಲೇ ಗುಣಿಸಿದ ಸಂಖ್ಯೆ ಅಲ್ವಾ?

ಸ್ಟುಡಿಯೋ ರಾಯರು
ಅಲ್ಲಪ್ಪ. ಡಿಎಕ್ಸ್ ಲೆನ್ಸ್ ಮೇಲೆ ಬರೆದಿರುವುದೂ ನಿಜವಾದ ಫೋಕಲ್ ಲೆಂಗ್ತೇ. ಡಿಎಕ್ಸ್ ಅಂದರೆ ಆ ಲೆನ್ಸ್ ಬೀಳಿಸುವ ಬೆಳಕಿನ ವೃತ್ತ ಚಿಕ್ಕದು, ಫುಲ್ ಫ್ರೇಮ್‌ನ ಮೂಲೆ ಮುಟ್ಟುವುದಿಲ್ಲ ಎಂದಷ್ಟೇ. 18 ಅಂದರೆ 18. ಅದರ ಹರವು ಫುಲ್ ಫ್ರೇಮ್‌ನ 27ಕ್ಕೆ ಸಮ.

ಗೊಮ್ಮಟ 57 ಅಡಿ, ಸುಮಾರು 17.4 ಮೀಟರ್. ಕ್ಯಾಮೆರಾ ನಿಲ್ಲಿಸಿ ಹಿಡಿದರೆ ಸೆನ್ಸರ್‌ನ ಉದ್ದ ಬದಿ ಎತ್ತರಕ್ಕೆ ಬರುತ್ತದೆ. ನೇರ ಲೆಕ್ಕಕ್ಕೆ, ಡಿಎಕ್ಸ್‌ನಲ್ಲಿ 18 ಎಂಎಂ ಇದ್ದರೆ 13.3 ಮೀಟರ್ ಹಿಂದೆ ನಿಲ್ಲಬೇಕು. ಫುಲ್ ಫ್ರೇಮ್‌ನಲ್ಲಿ 24 ಇದ್ದರೆ 11.6 ಮೀಟರ್ ಸಾಕು. ನಾವು ಕೆಳಗೆ ನಿಂತು ಮೇಲಕ್ಕೆ ವಾಲಿಸುವುದರಿಂದ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಪಾದ ದೊಡ್ಡದಾಗಿ, ತಲೆ ಚಿಕ್ಕದಾಗಿ ಕಂಡರೆ ವೈಡ್ ಲೆನ್ಸನ್ನು ಬೈಯಬೇಡಿ. ನಿಂತ ಜಾಗದಿಂದ ಪಾದ ಹತ್ತಿರ, ತಲೆ ದೂರ. ಅದೇ ಜಾಗದಲ್ಲಿ ಯಾವ ಸೆನ್ಸರ್ ತಂದರೂ ಆ ಅನುಪಾತ ಬದಲಾಗದು. ಹಿಂದೆ ಸರಿದರೆ ಬದಲಾಗುತ್ತದೆ.

ಕಾಡುಪಾಪ
ರಾಯರ ಮಾತಿಗೆ ಒಂದು ಸಾಲು ಸೇರಿಸಲೇ? ಕೋನದಲ್ಲಿ ಹೇಳುವಾಗ 1.5ರಿಂದ ಭಾಗಿಸಬೇಡಿ. 500 ಎಂಎಂಗೆ ಫುಲ್ ಫ್ರೇಮ್ 4.1 ಡಿಗ್ರಿ, ಡಿಎಕ್ಸ್ 2.7 ಡಿಗ್ರಿ. ಅಲ್ಲಿ ಭಾಗಾಕಾರ ಸರಿಹೋಗುತ್ತದೆ. 18 ಎಂಎಂಗೆ ಫುಲ್ ಫ್ರೇಮ್ 90 ಡಿಗ್ರಿ, ಡಿಎಕ್ಸ್ 66 ಡಿಗ್ರಿ. ಅಂದರೆ 60 ಅಲ್ಲ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಚೌಕಟ್ಟಿನ ಆಕಾರವೇ ಬೇರೆ, 4:3. ಅದರ 2 ಎನ್ನುವ ಸಂಖ್ಯೆ ಮೂಲೆಯಿಂದ ಮೂಲೆಗೆ ಅಳೆದದ್ದು. ಅಗಲಕ್ಕೆ 2.08, ಎತ್ತರಕ್ಕೆ 1.85. ಎತ್ತರದ ವಿಷಯ ತೆಗೆಯುವವರಿಗೆ, ಅಗಲದ ವಿಷಯ ತೆಗೆಯುವವರಿಗೆ ಫಲ ಬೇರೆ ಬೇರೆ.

ಬಯಲುಸೀಮೆ
ಕೊನೇ ಪ್ರಶ್ನೆ ಸಾರ್. ಎಫ್ ಸಂಖ್ಯೆಯನ್ನೂ 1.5ರಿಂದ ಗುಣಿಸಬೇಕು ಅಂತ ಕೆಲವರು ವಾದ ಮಾಡ್ತಾರೆ. ಎಫ್/5.6 ಡಿಎಕ್ಸ್‌ನಲ್ಲಿ ಎಫ್/8 ಆಗುತ್ತಾ?

ಕಾಡುಪಾಪ
ಎಕ್ಸ್‌ಪೋಷರ್‌ಗೆ ಗುಣಿಸಬೇಡಿ. ಎಫ್/5.6, 1/1000, ಐಎಸ್ಒ 800 ಎಂದರೆ ಯಾವ ಬಾಡಿಯಲ್ಲೂ ಒಂದೇ ಹೊಳಪು. ಒಂದೇ ಚೌಕಟ್ಟು ಬರುವಂತೆ ಬೇರೆ ಬೇರೆ ಲೆನ್ಸ್ ಹಾಕಿ ಹಿನ್ನೆಲೆಯ ಮಸುಕು ಮತ್ತು ನಾಯ್ಸ್ ಹೋಲಿಸುವಾಗ ಮಾತ್ರ ಆ ಗುಣಾಕಾರ ಕೆಲಸಕ್ಕೆ ಬರುತ್ತದೆ.

ಇಲ್ಲಿ ಬಹಳ ಜನ ಎಡವುವ ಇನ್ನೊಂದು ಜಾಗ ಇದೆ. ಚಿಕ್ಕ ಸೆನ್ಸರ್ ಎಂದರೆ ಯಾವಾಗಲೂ ಡೆಪ್ತ್ ಆಫ್ ಫೀಲ್ಡ್ (ಹಿಂದೆ ಮುಂದೆ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೋ ಅದು) ಜಾಸ್ತಿ ಎನ್ನುತ್ತಾರೆ. ಚೌಕಟ್ಟು ಒಂದೇ ಇಟ್ಟರೆ ಹೌದು. ಆದರೆ ಒಂದೇ ಜಾಗ, ಒಂದೇ ಲೆನ್ಸ್, ಒಂದೇ ಎಫ್ ಸಂಖ್ಯೆ ಇಟ್ಟು, ಎರಡೂ ಪೂರ್ತಿ ಚೌಕಟ್ಟನ್ನು ಒಂದೇ ಅಳತೆಗೆ ಪ್ರಿಂಟ್ ಹಾಕಿದರೆ ಡಿಎಕ್ಸ್‌ನಲ್ಲೇ ಡೆಪ್ತ್ ಕಡಿಮೆ. ಯಾಕೆಂದರೆ ಮಸುಕನ್ನೂ ಹೆಚ್ಚು ಹಿಗ್ಗಿಸಿದ್ದೀರಿ. ಕೈ ನಡುಕವೂ ಹಾಗೇ ಹಿಗ್ಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಇಡಲು ಆಗುವುದಿಲ್ಲ, ದೋಣಿ ಅಲುಗಾಡುತ್ತಲೇ ಇರುತ್ತದೆ. ಅಲ್ಲಿ ಡಿಎಕ್ಸ್‌ನಲ್ಲಿ 500 ಹಾಕಿದಾಗ ಶಟರ್ 1/500 ಅಲ್ಲ, 1/750ರಿಂದ ಮೇಲೆ ಇಟ್ಟುಕೊಳ್ಳಿ. ಹಾರುವ ಹಕ್ಕಿಗೆ ಇನ್ನೂ ಮೇಲೆ.

ಹೆಜ್ಜಾರ್ಲೆ
ಎಲ್ಲರಿಗೂ ಧನ್ಯವಾದ. ಡಿ750 ಮಾರುವವರಿಂದ ಬಾಡಿಯನ್ನು ಎರಡು ದಿನಕ್ಕೆ ಕೇಳಿ ತಂದೆ. ಹಕ್ಕಿ ಒಂದೇ ದೂರದಲ್ಲಿ ಕೂರುವುದಿಲ್ಲ, ಆದ್ದರಿಂದ ಚಂದ್ರನ ಮೇಲೆ ಪರೀಕ್ಷೆ ಮಾಡಿದೆ. ಟ್ರೈಪಾಡ್ ಮೇಲೆ ಅದೇ ಲೆನ್ಸ್, 500 ಎಂಎಂ, ಒಂದೇ ಸೆಟ್ಟಿಂಗ್. ಕಂಪ್ಯೂಟರ್‌ನಲ್ಲಿ ಚಂದ್ರನ ಅಡ್ಡಗಲ ಅಳೆದರೆ ಡಿ7500ರಲ್ಲಿ ಡಿ750ಗಿಂತ 1.4 ಪಟ್ಟು ಜಾಸ್ತಿ ಪಿಕ್ಸೆಲ್. ಲೆಕ್ಕದಲ್ಲಿ ಹೇಳಿದ್ದಷ್ಟೇ. ಎರಡನ್ನೂ ಒಂದೇ ಅಳತೆಗೆ ತಂದಾಗ ಕುಳಿಗಳ ಅಂಚು ಡಿ7500ರಲ್ಲಿ ಸ್ಪಷ್ಟ.

ಆದರೆ ಮನೆಯೊಳಗೆ ಅಮ್ಮನ ಫೋಟೋ ತೆಗೆದಾಗ ಡಿ750 ಬೇರೆಯೇ. ದೀಪದ ಬೆಳಕಿನಲ್ಲಿ, 85 ಎಂಎಂನಲ್ಲಿ, ಮುಖದ ನೆರಳುಗಳು ಎಷ್ಟು ಮೃದುವಾಗಿ ಬಂದವು! ಚೌಕಟ್ಟು ತುಂಬಿದಾಗ ಲಾಭ ಎಂದದ್ದು ಕಣ್ಣಿಗೇ ಕಂಡಿತು. ನನ್ನ ಕೆಲಸ ಹಕ್ಕಿ, ಹಾಗಾಗಿ ಬಾಡಿ ವಾಪಸ್ ಕೊಟ್ಟೆ.

ನಿಕಾನ್‌ನಲ್ಲೇ ಮುಂದೆ ಫುಲ್ ಫ್ರೇಮ್‌ಗೆ ಹೋಗುವುದಾದರೆ ಯಾವುದು?

ಕಾಡುಪಾಪ
ಡಿ850 ಸಿಕ್ಕರೆ ನೋಡಿ. 45.7 ಮೆಗಾಪಿಕ್ಸೆಲ್, ಪಿಕ್ಸೆಲ್ ಸುಮಾರು 4.35 ಮೈಕ್ರಾನ್. ಡಿಎಕ್ಸ್ ಅಳತೆಗೆ ಕ್ರಾಪ್ ಮಾಡಿದರೂ 19 ಮೆಗಾಪಿಕ್ಸೆಲ್‌ಗಿಂತ ಜಾಸ್ತಿ ಉಳಿಯುತ್ತದೆ. ಅಂದರೆ ದೂರದ ಹಕ್ಕಿಗೆ ನಿಮ್ಮ ಡಿ7500ರಷ್ಟೇ ವಿವರ, ಹತ್ತಿರದ ಆನೆಗೆ ಫುಲ್ ಫ್ರೇಮ್ ಲಾಭ. ಫೈಲ್‌ಗಳು ದೊಡ್ಡವು, ಹಾರ್ಡ್ ಡಿಸ್ಕ್‌ಗೂ ಸ್ವಲ್ಪ ದುಡ್ಡು ಎತ್ತಿಡಿ.

ಕರಿಘಟ್ಟ
ತಡವಾಗಿ ಬಂದೆ. ಕೆನಾನ್‌ನಲ್ಲಿ ಇದೇ ಲೆಕ್ಕ ಹಾಕಿದರೆ ಆರ್7 ಮತ್ತು ಆರ್5ರಲ್ಲಿ ಯಾವುದು?

ಕಾಡುಪಾಪ
ಆರ್7 32.5 ಮೆಗಾಪಿಕ್ಸೆಲ್ ಎಪಿಎಸ್-ಸಿ, ಪಿಕ್ಸೆಲ್ 3.2 ಮೈಕ್ರಾನ್. ಆರ್5 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್, 4.4 ಮೈಕ್ರಾನ್. ಆರ್5ನ್ನು ಎಪಿಎಸ್-ಸಿ ಅಳತೆಗೆ ಕ್ರಾಪ್ ಮಾಡಿದರೆ 17 ಮೆಗಾಪಿಕ್ಸೆಲ್ ಉಳಿಯುತ್ತದೆ. ಕೂತಿರುವ ದೂರದ ಹಕ್ಕಿಗೆ, ಒಳ್ಳೆಯ ಲೆನ್ಸ್ ಇದ್ದರೆ, ಆರ್7 ಮುಂದೆ. ಆದರೆ ಆರ್7ರ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ನಿಧಾನವಾಗಿ ಓದುತ್ತದೆ, ಬೀಸುವ ರೆಕ್ಕೆ ಬಾಗಿದಂತೆ ಬರುತ್ತದೆ. ಹಾರುವ ಹಕ್ಕಿಗೆ ಅದರಲ್ಲಿ ಮೆಕ್ಯಾನಿಕಲ್ ಶಟರ್ ಇಟ್ಟುಕೊಳ್ಳಿ. ನಿಮ್ಮ ಲೆನ್ಸ್ ಯಾವುದು ಹೇಳಿ, ಅದರ ಬಾಯಿ ಎಷ್ಟಿದೆ ಎಂದು ನೋಡಿ ಮುಂದಿನ ಮಾತಾಡೋಣ.